ಇಳಿಯುವ ದಾರಿಗೆ ಎಷ್ಟು ಕುದುರೆ?

ಕೊಟ್ಟಿಗೆಹಾರದ ಚಹಾದಂಗಡಿಯೊಂದರ ಬೆಂಚಿನ ಮೇಲೆ ಮೂರು ಬಣ್ಣಬಣ್ಣದ ಕಾಗದಗಳು ಹರಡಿಕೊಂಡಿದ್ದವು. ಮಗಳಿಗೆ ಬಂದ ಸಂಬಂಧಗಳ ಜಾತಕಗಳನ್ನು ಹರಡಿಕೊಂಡು ಕೂತ ಅಪ್ಪನ ಹಾಗೆ ಬಾಮೈದ ಅವುಗಳ ಮೇಲೆ ಬಗ್ಗಿ ಕೂತಿದ್ದ. ಎದುರಿಗೆ ಕೂತ ಭಾವ ಮಾತ್ರ ನೀರುದೋಸೆಯ ತಟ್ಟೆಯಿಂದ ತಲೆ ಎತ್ತಿರಲಿಲ್ಲ.

'ನೋಡಿ ಭಾವ, ಟಾಟಾ ಯೋಧ ನೂರು ಎಚ್‌ಪಿ. ಅಶೋಕ್ ಲೇಲ್ಯಾಂಡಿನ ಬಡಾ ದೋಸ್ತ್ ಎಂಬತ್ತು. ನಿಮ್ಮ ಬೊಲೆರೊ ಪಿಕಪ್ಪು ಬರೀ ಎಪ್ಪತ್ತೈದು. ಇಪ್ಪತ್ತೈದು ಕುದುರೆ ಕಡಿಮೆ ಆಯ್ತಲ್ಲ!'

'ಹೌದಾ? ಅವಕ್ಕೆ ಹುಲ್ಲು ಹಾಕೋರು ಯಾರು ಮಾರಾಯ?' ಎಂದರು ಭಾವ.

ತಮಾಷೆಯ ಮಾತೇ. ಆದರೆ ಆ ಬೆಂಚಿನ ಮೇಲೆ ತಮಾಷೆಗಿಂತ ಭಾರವಾದದ್ದೂ ಒಂದಿತ್ತು. ಬಾಮೈದ ಎಂಟು ವರ್ಷ ಇನ್ನೊಬ್ಬರ ಗಾಡಿಯ ಸ್ಟಿಯರಿಂಗ್ ತಿರುಗಿಸಿದವನು. ಈಗ ಸ್ವಂತದ್ದೊಂದು ತೆಗೆಯಬೇಕೆಂದು ಹೊರಟಿದ್ದ. ಮುಂಗಡಕ್ಕೆಂದು ಹೆಂಡತಿಯ ಎರಡೆಳೆ ಸರ ಆಗಲೇ ಸೊಸೈಟಿಯ ಕಬ್ಬಿಣದ ಪೆಟ್ಟಿಗೆ ಸೇರಿತ್ತು. ಉಳಿದದ್ದು ಐದು ವರ್ಷದ ಕಂತು. ತಪ್ಪು ಗಾಡಿ ತೆಗೆದರೆ ಸರವೂ ಇಲ್ಲ, ಗಾಡಿಯೂ ಇಲ್ಲ.

ಭಾವನಿಗೆ ಕಂತಿನ ರುಚಿ ಗೊತ್ತು. 2019ರ ಆಗಸ್ಟಿನ ಮಳೆಯಲ್ಲಿ ಚಾರ್ಮಾಡಿ ಘಾಟಿಯ ಗುಡ್ಡಗಳು ಅಲ್ಲಲ್ಲಿ ಜರಿದು ರಸ್ತೆ ಮುಚ್ಚಿಹೋದಾಗ ಗಾಡಿ ಅಂಗಳದಲ್ಲಿ ಟಾರ್ಪಾಲು ಹೊದ್ದು ಮಲಗಿತ್ತು. ರಸ್ತೆ ಮುಚ್ಚಿತೆಂದು ಕಂತಿನ ದಿನವೇನೂ ಮುಂದಕ್ಕೆ ಹೋಗಲಿಲ್ಲ.

ಗಾಡಿಗಳ ವಿಷಯದಲ್ಲಿ ಚಾಲಕರಿಗಿರುವ ಅಭಿಮಾನ ಸಿನಿಮಾ ನಟರ ಅಭಿಮಾನಿಗಳಿಗೂ ಇರಲಾರದು. ಮಾರುಕಟ್ಟೆಯ ಹಿಂಬದಿಯಲ್ಲಿ ಲೋಡಿಗೆ ಕಾಯುತ್ತ ಕೂತವರ ನಡುವೆ ಈ ಜಗಳ ದಿನವೂ ಉಂಟು. 'ನಿನ್ನದು ಚಡಾವಿನಲ್ಲಿ ಉಸಿರು ಬಿಡುತ್ತೆ', 'ನಿನ್ನದು ಡೀಸೆಲ್ ಕುಡಿಯುತ್ತೆ' ಎನ್ನುವಲ್ಲಿಂದ ಹಿಡಿದು ಮಾತು ಎಲ್ಲೆಲ್ಲಿಗೋ ಹೋಗುತ್ತದೆ. ಪಿಕಪ್ಪು ಎನ್ನುವ ಪದಕ್ಕೇ ಅವರಲ್ಲಿ ಎರಡು ಅರ್ಥ. ಒಂದು ಗಾಡಿ, ಇನ್ನೊಂದು ಗಾಡಿಯ ಚುರುಕು. 'ಪಿಕಪ್ಪಿಗೇ ಪಿಕಪ್ಪಿಲ್ಲ' ಎನ್ನುವುದು ಅವರ ಪೈಕಿ ದೊಡ್ಡ ಬೈಗುಳ.

ಈ ಪೈಪೋಟಿ ಬಹಳ ಹಳೆಯದೇನಲ್ಲ. 2005ರಲ್ಲಿ ಟಾಟಾ ಏಸ್ ಬಂದಾಗ ಅದರ ಹೊಟ್ಟೆಯಲ್ಲಿದ್ದದ್ದು ಎರಡೇ ಸಿಲಿಂಡರಿನ, 702 ಸಿ.ಸಿ.ಯ ಪುಟ್ಟ ಡೀಸೆಲ್ ಎಂಜಿನ್. ಶಕ್ತಿ 16 ಎಚ್‌ಪಿ. ಇಂದಿನ ಮೋಟಾರ್ ಸೈಕಲ್ಲುಗಳಲ್ಲೇ ಅದಕ್ಕಿಂತ ಹೆಚ್ಚಿನವು ಎಷ್ಟೋ ಇವೆ. ಆದರೂ ಜನ ಅದಕ್ಕೆ 'ಛೋಟಾ ಹಾಥಿ' ಎಂದು ಹೆಸರಿಟ್ಟರು, ಊರೂರಿನ ಮಾರುಕಟ್ಟೆಯ ಓಣಿಗಳಲ್ಲಿ ಅದು ತುಂಬಿಹೋಯಿತು. 2011ರಲ್ಲಿ ಅಶೋಕ್ ಲೇಲ್ಯಾಂಡ್ ಮೂರು ಸಿಲಿಂಡರಿನ ದೋಸ್ತ್ ಗಾಡಿಯನ್ನು ಇಳಿಸಿತು. 1478 ಸಿ.ಸಿ., 55 ಎಚ್‌ಪಿ. 2020ರಲ್ಲಿ ಬಡಾ ದೋಸ್ತ್ ಬಂದಾಗ ಅದು 80ಕ್ಕೆ ಏರಿತ್ತು. ಮಹೀಂದ್ರದವರ 2523 ಸಿ.ಸಿ.ಯ ನಾಲ್ಕು ಸಿಲಿಂಡರಿನ ಬೊಲೆರೊ ಪಿಕಪ್ಪು ಹಳ್ಳಿಯ ಕಡೆ ಅಷ್ಟರಲ್ಲಿ ಬೇರೂರಿ ಆಗಿತ್ತು. ಯೋಧ ಗಾಡಿಯ 2.2 ಲೀಟರಿನ ಎಂಜಿನ್ ನೂರರ ಗೆರೆ ಮುಟ್ಟಿತು. ಹೀಗೆ ಕುದುರೆಗಳು ಹೆಚ್ಚುತ್ತಲೇ ಹೋದವು.

ಅಂದಹಾಗೆ ಈ ಕುದುರೆಯ ಲೆಕ್ಕ ಹುಟ್ಟಿದ್ದೂ ವ್ಯಾಪಾರದ ಪೈಪೋಟಿಯಲ್ಲೇ. ಹದಿನೆಂಟನೆಯ ಶತಮಾನದಲ್ಲಿ ಜೇಮ್ಸ್ ವಾಟ್ ತನ್ನ ಉಗಿಯಂತ್ರವನ್ನು ಮಾರಲು ಹೊರಟಾಗ ಗಿರಣಿಗಳಲ್ಲಿ ಅವನಿಗೆ ಎದುರಾಳಿಯಾಗಿ ನಿಂತದ್ದು ಗಾಣದೆತ್ತಿನಂತೆ ಸುತ್ತುತ್ತಿದ್ದ ನಿಜವಾದ ಕುದುರೆ. ತನ್ನ ಯಂತ್ರ ಎಷ್ಟು ಕುದುರೆಗಳಿಗೆ ಸಮ ಎಂದು ಹೇಳದಿದ್ದರೆ ಕೊಳ್ಳುವವನಿಗೆ ಅರ್ಥವಾಗಬೇಕಲ್ಲ? ನಿಮಿಷಕ್ಕೆ 33,000 ಪೌಂಡು ಭಾರವನ್ನು ಒಂದು ಅಡಿ ಎತ್ತುವುದು ಒಂದು ಕುದುರೆಯ ಕೆಲಸ ಎಂದು ಅವನು ಗೊತ್ತುಮಾಡಿದ. ನಮ್ಮ ಲೆಕ್ಕಕ್ಕೆ ಹೇಳುವುದಾದರೆ ಹೆಚ್ಚುಕಡಿಮೆ 75 ಕಿಲೋ ತೂಕವನ್ನು ಒಂದು ಸೆಕೆಂಡಿನಲ್ಲಿ ಒಂದು ಮೀಟರ್ ಎತ್ತುವಷ್ಟು. ಪಾಪ, ಸಾಮಾನ್ಯ ಕುದುರೆ ದಿನವಿಡೀ ಅಷ್ಟು ಎಳೆಯಲಾರದು.

ಬಾಮೈದ ಕಾಗದದ ಇನ್ನೊಂದು ಸಾಲಿಗೆ ಬೆರಳಿಟ್ಟ. ಅಲ್ಲಿ 'ಟಾರ್ಕ್' ಎಂದಿತ್ತು. ಯೋಧಕ್ಕೆ 250 ನ್ಯೂಟನ್ ಮೀಟರ್, ಬೊಲೆರೊಗೆ 200, ಬಡಾ ದೋಸ್ತಿಗೆ 190.

'ಇದೇನು ಭಾವ?'

'ಅದೇ ಕಣೋ ಎಳೆತ. ಗಾಡಿ ಎಳೆಯೋದು ಅದೇ. ಎಚ್‌ಪಿ ಶೋರೂಮಿನಲ್ಲಿ ಮಾತಾಡುತ್ತೆ, ಎಳೆತ ತಿರುವಿನಲ್ಲಿ ಮಾತಾಡುತ್ತೆ.'

ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ಭಾವ ಹೇಳಿದ್ದು ಭೌತಶಾಸ್ತ್ರದ ಪುಸ್ತಕದಲ್ಲಿರುವುದನ್ನೇ. ಚಕ್ರದ ನಟ್ಟು ಬಿಗಿದು ಕೂತಾಗ ಚಾಲಕರು ಸ್ಪ್ಯಾನರಿನ ತುದಿಗೆ ಒಂದು ಪೈಪು ಸಿಕ್ಕಿಸುತ್ತಾರೆ. ಕೈಯ ಬಲ ಅಷ್ಟೇ, ಹಿಡಿ ಉದ್ದವಾದದ್ದರಿಂದ ತಿರುಚುವ ಬಲ ಹೆಚ್ಚಿತು. ಆ ತಿರುಚುಬಲವೇ ಟಾರ್ಕ್. 200 ನ್ಯೂಟನ್ ಮೀಟರ್ ಎಂದರೆ ಒಂದು ಮೀಟರ್ ಉದ್ದದ ಸರಳಿನ ತುದಿಗೆ 20 ಕಿಲೋ ತೂಕ ನೇತುಹಾಕಿದಷ್ಟು. ಹೀಗೆ ತಿರುಚುವುದನ್ನು ಎಷ್ಟು ವೇಗದಲ್ಲಿ ಮಾಡುತ್ತೀರಿ ಎನ್ನುವುದನ್ನು ಗುಣಿಸಿದರೆ ಸಿಗುವುದು ಶಕ್ತಿ, ಅಂದರೆ ಎಚ್‌ಪಿ.

ಗುಟ್ಟು ಇರುವುದು ಈ ಗುಣಾಕಾರದಲ್ಲೇ. ಕಾಗದದಲ್ಲಿ ದಪ್ಪ ಅಕ್ಷರದಲ್ಲಿ ಅಚ್ಚಾಗುವ ಶಕ್ತಿ ಎಂಜಿನ್ ನಿಮಿಷಕ್ಕೆ 3,200 ಸುತ್ತೋ, ಅದಕ್ಕಿಂತ ಹೆಚ್ಚೋ ತಿರುಗುವಾಗಿನದು. ಘಾಟಿಯ ತಿರುವಿನಲ್ಲಿ ಎಂಜಿನ್ನನ್ನು ಹಾಗೆ ಕಿರುಚಿಸುವ ಚಾಲಕ ಬಹಳ ದಿನ ಬಾಳುವುದಿಲ್ಲ, ಎಂಜಿನ್ನೂ ಬಾಳುವುದಿಲ್ಲ. ಅವನು ಇರುವುದು 1,500ರ ಆಸುಪಾಸಿನಲ್ಲಿ. ಆ ಸುತ್ತಿನಲ್ಲಿ 200 ನ್ಯೂಟನ್ ಮೀಟರನ್ನು ಗುಣಿಸಿ ನೋಡಿದರೆ ಬರುವುದು 42 ಎಚ್‌ಪಿ. 75ರಲ್ಲಿ ಉಳಿದವು ಲಾಯದಲ್ಲಿ ನಿದ್ದೆ ಮಾಡುತ್ತಿರುತ್ತವೆ! 80 ಎಚ್‌ಪಿಯ ಗಾಡಿಯೂ 1,600 ಸುತ್ತಿನಲ್ಲಿ ಕೊಡುವುದು 43ರಷ್ಟು. ಕಾಗದದ ಮೇಲಿನ ಐದು ಕುದುರೆಗಳ ವ್ಯತ್ಯಾಸ ಅಲ್ಲಿ ಒಂದಕ್ಕೆ ಇಳಿಯಿತು. 250 ನ್ಯೂಟನ್ ಮೀಟರಿನ ಯೋಧ ಮಾತ್ರ ಅಲ್ಲೂ ಮುಂದೆ. 1,500ಕ್ಕೇ 53. ಅದನ್ನು ಅಲ್ಲಗಳೆಯುವಂತಿಲ್ಲ, ಭಾವನೂ ಅಲ್ಲಗಳೆಯಲಿಲ್ಲ.

'ಒಳ್ಳೇ ಗಾಡಿಯೇ. ಆದ್ರೆ ಒಂದು ಕೇಳ್ತೀನಿ. ನೀನು ಲೋಡು ಹೊಡೆಯೋದು ಯಾವ ಕಡೆಗೆ?'

ಬಾಮೈದ ಸುಮ್ಮನಾದ. ಚಿಕ್ಕಮಗಳೂರು ಕಡೆಯ ಬೀನ್ಸು, ಕೋಸು, ಟೊಮೆಟೊ, ಹಸಿಮೆಣಸಿನಕಾಯಿ ಕೆಳಗೆ ಬೆಳ್ತಂಗಡಿಗೆ, ಪುತ್ತೂರಿಗೆ, ಮಂಗಳೂರಿಗೆ ಹೋಗುತ್ತದೆ. ವಾಪಸು ಬರುವಾಗ ಹೆಚ್ಚಿನ ದಿನ ಖಾಲಿ ಕ್ರೇಟುಗಳು, ಸಿಕ್ಕಿದ ದಿನ ಒಂದಿಷ್ಟು ತೆಂಗಿನಕಾಯಿ. ಹೊರೆ ಇರುವುದೆಲ್ಲ ಇಳಿಯುವಾಗ, ಏರುವಾಗ ಗಾಡಿ ಹಗುರ.

ಗಾಡಿ, ಹೊರೆ ಎರಡೂ ಸೇರಿ 3.4 ಟನ್ ಎನ್ನೋಣ. ದಾರಿ ಹದಿನೈದು ಮೀಟರಿಗೆ ಒಂದು ಮೀಟರ್ ಏರುತ್ತದೆ ಎನ್ನೋಣ. ಗಂಟೆಗೆ 30 ಕಿ.ಮೀ. ವೇಗ. ಹತ್ತಲು ಬೇಕಾದ ಎಳೆತ ಸುಮಾರು 2,220 ನ್ಯೂಟನ್. ಟೈರು ಉರುಳುವಾಗಿನ ತಡೆಗೆ ಇನ್ನೊಂದು 500. ಇದನ್ನು ವೇಗದಿಂದ ಗುಣಿಸಿದರೆ 30 ಎಚ್‌ಪಿ. ಗೇರುಪೆಟ್ಟಿಗೆಯಲ್ಲಿ ಸೋರಿಹೋಗುವುದನ್ನು ಸೇರಿಸಿದರೂ 35ರ ಒಳಗೇ. ಇದು ಪೂರ್ತಿ ಲೋಡಿನ ಲೆಕ್ಕ. ಖಾಲಿ ಗಾಡಿಗೆ ಇದರ ಅರ್ಧ ಸಾಕು. ಅಂದರೆ ಆ ಹದಿನಾರು ಎಚ್‌ಪಿಯ ಛೋಟಾ ಹಾಥಿಯ ಲೆಕ್ಕ!

ಇನ್ನು ಇಳಿಯುವಾಗಿನ ಲೆಕ್ಕ. ಅದನ್ನು ಯಾವ ಬಣ್ಣದ ಕಾಗದವೂ ಅಚ್ಚು ಹಾಕುವುದಿಲ್ಲ. ಅದೇ 3.4 ಟನ್ ಅದೇ ವೇಗದಲ್ಲಿ ಇಳಿಯುವಾಗ ಭೂಮಿ ಅದನ್ನು ಎಳೆಯುತ್ತದೆ. ಟೈರಿನ ತಡೆ ಕಳೆದರೂ 14 ಕಿಲೋವ್ಯಾಟ್ ಉಳಿಯುತ್ತದೆ. ಇದೆಲ್ಲ ಎಲ್ಲಾದರೂ ಹೋಗಿ ಶಾಖವಾಗಲೇಬೇಕು. ಬಚ್ಚಲಮನೆಯ ಎರಡು ಕಿಲೋವ್ಯಾಟಿನ ಗೀಸರ್ ಗೊತ್ತಲ್ಲ, ಅಂಥ ಏಳು ಗೀಸರುಗಳನ್ನು ನಾಲ್ಕು ಚಕ್ರಗಳಿಗೆ ಕಟ್ಟಿ ಸ್ವಿಚ್ಚು ಹಾಕಿದಂತೆ. ಬ್ರೇಕಿನ ಲೈನರು ಕಾದಷ್ಟೂ ಅದರ ಹಿಡಿತ ಸಡಿಲ. ಡ್ರಮ್ಮು ಬಿಸಿಗೆ ಹಿಗ್ಗಿ ಲೈನರಿನಿಂದ ದೂರ ಸರಿಯುತ್ತದೆ. ಒತ್ತಿದಷ್ಟೂ ಪೆಡಲು ಕೆಳಕ್ಕೆ ಹೋಗುತ್ತದೆ, ಗಾಡಿ ಮಾತ್ರ ಮುಂದಕ್ಕೆ.

ಭಾವ ಲೋಟ ಕೆಳಗಿಟ್ಟರು. ಆಚೀಚೆ ನೋಡಿ ದನಿ ತಗ್ಗಿಸಿದರು.

'ನಿಮ್ಮಕ್ಕನಿಗೂ ಹೇಳಿಲ್ಲ ಇದನ್ನ. ಆವತ್ತು ಹೆಡ್‌ಲೈಟು ಒಡೆದಿದ್ದಕ್ಕೆ ದನ ಅಡ್ಡ ಬಂತು ಅಂದಿದ್ದೆ. ದನ ಇರಲಿಲ್ಲ, ಎಂತದೂ ಇರಲಿಲ್ಲ.'

ಅದು ಅವರ ಹಳೆಯ ಗಾಡಿಯ ಕಾಲ. ಏಳು ಕ್ವಿಂಟಲ್ ಹೆಚ್ಚಿಗೆ ಕೋಸು ಹೇರಿದ್ದರು. ಡೀಸೆಲ್ ಉಳಿಸೋಣವೆಂದು ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಿ ಕೀಯನ್ನೂ ಆಫ್ ಮಾಡಿದ್ದರು. ಆಗ ಎಲ್ಲರೂ ಮಾಡುತ್ತಿದ್ದದ್ದೇ. ಎರಡು ತಿರುವು ಕಳೆಯಿತು. ಮೂರನೆಯದರಲ್ಲಿ ಸುಟ್ಟ ರಬ್ಬರಿನಂಥ ವಾಸನೆ. ಪೆಡಲು ಕಲ್ಲಿನಂತಾಯಿತು. ಏಕೆಂದರೆ ಬ್ರೇಕಿಗೆ ನೆರವಾಗುವ ನಿರ್ವಾತ ಪಂಪು ತಿರುಗುವುದು ಎಂಜಿನ್ನಿನಿಂದ. ಎಂಜಿನ್ ಸತ್ತರೆ ಒಂದೆರಡು ಸಲ ಒತ್ತುವಷ್ಟರಲ್ಲಿ ಅದರ ನೆರವು ಮುಗಿಯುತ್ತದೆ. ಗೇರಿಗೆ ಹಾಕಲು ಹೋದರು, ಹಲ್ಲುಗಳು ಕಟಕಟ ಕಡಿದವೇ ಹೊರತು ಒಳಗೆ ಕೂರಲಿಲ್ಲ. ಕೊನೆಗೆ ಹ್ಯಾಂಡ್‌ಬ್ರೇಕು ಎಳೆದುಕೊಂಡೇ ಗುಡ್ಡದ ಬದಿಯ ಚರಂಡಿಗೆ ಗಾಡಿಯನ್ನು ನುಗ್ಗಿಸಿದರು. ಇನ್ನೊಂದು ಬದಿಯಲ್ಲಿ ಏನಿದೆ ಎಂಬುದು ಚಾರ್ಮಾಡಿಯಲ್ಲಿ ಹೋದವರಿಗೆಲ್ಲ ಗೊತ್ತು.

'ಕೋಸಿನ ಗಡ್ಡೆಗಳು ರಸ್ತೆ ಮೇಲೆ ಉರುಳ್ಕೊಂಡು ಹೋದ್ವು ಮಾರಾಯ. ನಾನು ಕೂತು ನೋಡ್ತಾ ಇದ್ದೆ. ಕಾಲು ನಡುಗ್ತಾ ಇತ್ತು, ಇಳಿಯೋಕ್ಕೇ ಆಗ್ಲಿಲ್ಲ.'

ದುಃಖದ ಸಂಗತಿಯೆಂದರೆ, ಈಗಿನ ಗಾಡಿಗಳಲ್ಲಿ ಹಾಗೆ ಮಾಡಿದರೆ ಉಳಿತಾಯವೂ ಇಲ್ಲ. ಕಾಮನ್ ರೈಲ್ ಎಂಜಿನ್ನಿನಲ್ಲಿ ಗೇರಿನಲ್ಲಿಟ್ಟು ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಇಂಧನ ತಾನಾಗಿಯೇ ನಿಂತುಬಿಡುತ್ತದೆ. ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತವೆ. ನ್ಯೂಟ್ರಲ್ಲಿನಲ್ಲಾದರೋ ಎಂಜಿನ್ ಉಸಿರಾಡಲು ಒಂದಿಷ್ಟು ಡೀಸೆಲ್ ಕುಡಿಯುತ್ತಲೇ ಇರುತ್ತದೆ. ಎರಡನೆಯ ಗೇರಿನಲ್ಲಿ ಗೊರಗೊರ ಎನ್ನುತ್ತ ಇಳಿಯುವ ಗಾಡಿಯದು ಪುಕ್ಕಟೆ ಪ್ರಯಾಣ. ಏಳು ಗೀಸರುಗಳಲ್ಲಿ ಒಂದು ದೊಡ್ಡ ಪಾಲನ್ನು ಎಂಜಿನ್ನೇ ನುಂಗಿಕೊಳ್ಳುತ್ತದೆ.

ಬಾಮೈದ ಕಾಗದಗಳನ್ನು ಮಡಚಿ ಜೇಬಿಗಿಟ್ಟ. ಆಮೇಲೆ ಒಂದು ವಾರ ಅವನು ಕುದುರೆಗಳ ಸುದ್ದಿ ಎತ್ತಲಿಲ್ಲ. ಮೂಡಿಗೆರೆಯ ಮೆಕ್ಯಾನಿಕ್ಕಿನ ಹತ್ತಿರ ಹೋಗಿ ಯಾವುದರ ಕ್ಲಚ್ ಪ್ಲೇಟು ಎಷ್ಟು ದಿನಕ್ಕೆ ಸಿಗುತ್ತದೆ, ಯಾವುದರ ಎಂಜಿನ್ ಬಿಚ್ಚಿ ಅವನಿಗೆ ಕೈ ಪಳಗಿದೆ ಎಂದು ವಿಚಾರಿಸಿದ. ಹೆದ್ದಾರಿಯಲ್ಲಿ ದೂರದೂರಕ್ಕೆ ಲೋಡು ಹೊಡೆಯುವವನಾಗಿದ್ದರೆ ಅವನು ನೂರರ ಗಾಡಿಯನ್ನೇ ತೆಗೆಯುತ್ತಿದ್ದನೇನೋ. ಅಲ್ಲಿ ಅದರ ಕುದುರೆಗಳಿಗೆ ಓಡಲು ಬಯಲಿದೆ. ಕಡೆಗೆ ಅವನು ತೆಗೆದದ್ದು ಭಾವನ ಬಳಿ ಇದ್ದಂಥದ್ದನ್ನೇ, 1,700 ಕಿಲೋ ಹೊರುವ ಮಾದರಿ. ಕೆಟ್ಟರೆ ಭಾವನ ಮನೆಯ ಅಟ್ಟದಲ್ಲಿ ಬಿಡಿಭಾಗವಾದರೂ ಇರುತ್ತದೆ ಎನ್ನುವುದು ಅವನ ಲೆಕ್ಕವಾಗಿತ್ತು.

ಮೊದಲ ಲೋಡಿನ ದಿನ ಗಾಡಿಗೆ ಚೆಂಡುಹೂವಿನ ಮಾಲೆ. ಟೊಮೆಟೊ ಕ್ರೇಟು ಒಂದಕ್ಕೆ 25 ಕಿಲೋ. ಅರವತ್ತೆಂಟು ಏರಿದ ಮೇಲೆ ಬಾಮೈದ ಹಿಂಬಾಗಿಲಿನ ಚಿಲಕ ಹಾಕಿದ. ಮಂಡಿಯ ಸಾಹುಕಾರ ಬೆರಗಾದ.

'ಏಯ್, ಇನ್ನೂ ಇಪ್ಪತ್ತು ಉಂಟಲ್ಲೋ! ಎಪ್ಪತ್ತೈದು ಎಚ್‌ಪಿ ಗಾಡಿ, ಹೊಸದು. ಇಷ್ಟು ಎಳೆಯಲ್ವಾ?'

'ಎಳೀತದೆ ಸಾಹುಕಾರ್ರೆ. ನಿಲ್ಲಲ್ಲ.'

ಸಾಹುಕಾರ ಏನೂ ಹೇಳದೆ ಇಪ್ಪತ್ತು ಕ್ರೇಟುಗಳನ್ನು ಪಕ್ಕದ ಗಾಡಿಯವನಿಗೆ ತೋರಿಸಿದ. ಇಪ್ಪತ್ತು ಕ್ರೇಟಿನ ಬಾಡಿಗೆ ಹೋಯಿತು. ನಾಳೆಯಿಂದ ಪೂರ್ತಿ ಲೋಡೇ ಆ ಗಾಡಿಗೆ ಹೋದರೆ? ಬಾಮೈದನ ಮನಸ್ಸು ಕಂತಿನ ಕಡೆಗೊಮ್ಮೆ, ಸೊಸೈಟಿಯ ಪೆಟ್ಟಿಗೆಯ ಕಡೆಗೊಮ್ಮೆ ಹೋಗಿ ಬಂತು. ಚಿಲಕ ಮಾತ್ರ ತೆಗೆಯಲಿಲ್ಲ.

ಕೊಟ್ಟಿಗೆಹಾರ ದಾಟಿ ಇಳಿಜಾರು ಶುರುವಾಗುವ ಮೊದಲೇ ಅವನು ಎರಡನೆಯ ಗೇರಿಗೆ ಹಾಕಿದ. ಹಿಂದಿನ ಕಾರುಗಳು ಹಾರನ್ನು ಬಡಿದವು. ಜಾಗ ಸಿಕ್ಕಲ್ಲಿ ಕೈ ತೋರಿಸಿ ಮುಂದೆ ಬಿಟ್ಟ. ಬಿಡದೆ ಅಂಟಿಕೊಂಡು ಬಂದದ್ದು ಭಾವನ ಗಾಡಿಯೊಂದೇ. ಮಂಜು ಕವಿದ ತಿರುವುಗಳಲ್ಲಿ ಎರಡು ಎಂಜಿನ್ನುಗಳು ಒಂದೇ ಶ್ರುತಿಯಲ್ಲಿ ಗೊರಗುಟ್ಟುತ್ತ ಇಳಿದವು.

ಘಾಟಿಯಲ್ಲಿರುವ ಅಣ್ಣಪ್ಪಸ್ವಾಮಿಯ ಗುಡಿಯ ಹತ್ತಿರ ಇಬ್ಬರೂ ನಿಲ್ಲಿಸಿದರು. ಬಾಮೈದ ಕಾಣಿಕೆ ಹಾಕಿ ಕಣ್ಣು ಮುಚ್ಚಿ ನಿಂತ. ಅಷ್ಟರಲ್ಲಿ ಭಾವ ತಮ್ಮ ಗಾಡಿಯನ್ನು ಬಿಟ್ಟು ಹೊಸ ಗಾಡಿಯ ಹತ್ತಿರ ಹೋಗಿ ಮೊಣಕಾಲೂರಿ ಕೂತಿದ್ದರು. ಹಿಂದಿನ ಎಡಚಕ್ರದ ಡ್ರಮ್ಮಿನ ಬಳಿಗೆ ಅಂಗೈಯ ಹಿಂಬದಿಯನ್ನು ಮೆಲ್ಲಗೆ ಒಯ್ದರು. ಜ್ವರದ ಮಗುವಿನ ಹಣೆ ಮುಟ್ಟುವಂತೆ ಒಂದು ಕ್ಷಣ ಇಟ್ಟುಕೊಂಡರು.

'ಹೆಂಗುಂಟು ಭಾವ?'

'ಬೆಚ್ಚಗುಂಟು. ಕೈ ಇಡಬಹುದು,' ಎಂದು ಎದ್ದು ಪ್ಯಾಂಟಿನ ಮಣ್ಣು ಕೊಡವಿಕೊಂಡರು. 'ನಡಿ, ಉಜಿರೆಯಲ್ಲಿ ಟೀ ಕುಡಿಯೋಣ.'