ಅರ್ಧಕ್ಕೆ ನಿಂತ ಕಥೆಗೆ ಎಷ್ಟು ಅಂಕ?

ಕುಪ್ಪೇಲೂರಿನಲ್ಲಿ ನನ್ನ ಕೈಕೆಳಗೆ ಕಲಿತು, ಈಗ ಪದವಿ ಕಾಲೇಜೊಂದರಲ್ಲಿ ಕನ್ನಡ ಅಧ್ಯಾಪಕಿಯಾಗಿರುವ ಹಳೆಯ ವಿದ್ಯಾರ್ಥಿನಿಯೊಬ್ಬಳು ತನ್ನ ತರಗತಿಗೆ ಕಥನಕಲೆಯ ಪಾಠಕ್ರಮವೊಂದನ್ನು ರೂಪಿಸಿದ್ದಾಳೆ. ಒಟ್ಟು 16 ವಾರಗಳ ಪಾಠ. ಕಥೆ ಬರೆಯುವುದಲ್ಲ, ಕಥೆ ಹೇಳುವುದು. ಎಂಟು ವಾರಗಳು ಕಳೆದಾಗ ಮಕ್ಕಳ ಪ್ರಗತಿಯನ್ನು ಅಳೆಯಲು ಮಧ್ಯಾವಧಿ ಮೌಲ್ಯಮಾಪನ ಇಟ್ಟುಕೊಂಡು, "ಗುರುಗಳೇ, ನೀವು ಬಂದು ಒಂದು ದಿವಸ ಕೂತು ಕೇಳಲೇಬೇಕ್ರೀ" ಎಂದು ಒತ್ತಾಯಿಸಿದಳು. ಹೋಗಿ ಕೇಳಿ ಬಂದೆ. ಅಲ್ಲಿ ಕಂಡದ್ದನ್ನು ನನ್ನ ಹಳೆಯ ವಿದ್ಯಾರ್ಥಿಗಳಿಗೂ ಬಂಧುಗಳಿಗೂ ತಿಳಿಸಬೇಕೆನಿಸಿ ಇದನ್ನು ಬರೆಯುತ್ತಿದ್ದೇನೆ.

ಕಥೆ ಹೇಳುವುದನ್ನೂ ತರಗತಿಯಲ್ಲಿ ಕಲಿಸಬೇಕೆ ಎಂದು ಕೆಲವರಿಗೆ ಅನಿಸಬಹುದು. ಕನ್ನಡದ ಅತಿ ಪ್ರಾಚೀನ ಗದ್ಯಗ್ರಂಥಗಳಲ್ಲಿ ಒಂದಾದ 'ವಡ್ಡಾರಾಧನೆ'ಯೇ 19 ಕಥೆಗಳ ಸಂಗ್ರಹ. ಕಥೆಯಿಂದಲೇ ಗದ್ಯ ಬೆಳೆಸಿಕೊಂಡ ಭಾಷೆ ನಮ್ಮದು. ಆದರೆ ಮನೆಯಲ್ಲಿ ತಾನಾಗಿ ದೊರೆಯುತ್ತಿದ್ದುದು ಈಗ ದೊರೆಯುತ್ತಿಲ್ಲವಾದ್ದರಿಂದ ಶಾಲೆ-ಕಾಲೇಜುಗಳು ಆ ಹೊರೆಯನ್ನು ಹೊರಬೇಕಾಗಿದೆ. ಬೆಂಗಳೂರಿನಲ್ಲಿ 1998ರಲ್ಲಿ ಗೀತಾ ರಾಮಾನುಜಂ ಅವರು 'ಕಥಾಲಯ'ವನ್ನು ಆರಂಭಿಸಿ ಕಥೆ ಹೇಳುವುದನ್ನೇ ಒಂದು ವಿದ್ಯೆಯಾಗಿ ಕಲಿಸತೊಡಗಿದರು. ನಮ್ಮ ಹಾವೇರಿ ಜಿಲ್ಲೆಯಲ್ಲಿಯೇ, ಶಿಗ್ಗಾಂವಿ ತಾಲೂಕಿನ ಗೊಟಗೋಡಿಯಲ್ಲಿ, 2011ರಲ್ಲಿ ಜಾನಪದ ವಿಶ್ವವಿದ್ಯಾಲಯ ಹುಟ್ಟಿಕೊಂಡಿತು. ಹೀಗಿರುವಾಗ ಒಬ್ಬ ಅಧ್ಯಾಪಕಿ ತನ್ನ ಮಕ್ಕಳಿಗೆ ಈ ವಿದ್ಯೆಯನ್ನು ಕಲಿಸಹೊರಟದ್ದು ಸಂತೋಷದ ಸಂಗತಿಯೇ.

ಮೊದಲು ಪ್ರಗತಿಯನ್ನು ಹೇಳುತ್ತೇನೆ. ತರಗತಿಯಲ್ಲಿ 24 ಮಕ್ಕಳು. ಹೆಚ್ಚಿನವರು ರಾಣೇಬೆನ್ನೂರು, ಬ್ಯಾಡಗಿ ತಾಲೂಕುಗಳ ಹಳ್ಳಿಗಳಿಂದ ಬಸ್ಸಿನಲ್ಲಿ ಬಂದು ಹೋಗುವವರು. ಮೊದಲ ವಾರದಲ್ಲಿ ಎದ್ದು ನಿಂತು ತಮ್ಮ ಹೆಸರು ಹೇಳಲೂ ನಾಚುತ್ತಿದ್ದರೆಂದು ಅಧ್ಯಾಪಕಿ ಹೇಳಿದಳು. ನಾನು ಕಂಡ ದಿನ ಅವರಲ್ಲಿ ಬಹುತೇಕರು ಕೈಯಲ್ಲಿ ಹಾಳೆಯಿಲ್ಲದೆ ಹತ್ತು ನಿಮಿಷ ಮಾತಾಡಿದರು. ದನಿ ಕೊನೆಯ ಬೆಂಚಿಗೆ ತಲುಪುತ್ತಿತ್ತು. ಹುಲಿ ಬಂದಾಗ ಹುಲಿಯಂತೆ, ಮುದುಕಿ ಬಂದಾಗ ಮುದುಕಿಯಂತೆ ದನಿ ಬದಲಿಸುವುದನ್ನು ಕಲಿತಿದ್ದರು. ಎಂಟು ವಾರಗಳಲ್ಲಿ ಇಷ್ಟಾದುದು ಕಡಿಮೆಯೇನಲ್ಲ.

ಆದರೂ ಅರ್ಧಕ್ಕಿಂತ ಹೆಚ್ಚು ಮಕ್ಕಳು ಮೊಬೈಲಿನಿಂದ ಕಥೆ ಆರಿಸಿ ತಂದಿದ್ದರು. ತೆನಾಲಿ ರಾಮ, ಬೀರಬಲ್, ಆಮೆ ಮತ್ತು ಮೊಲ. ಕಥೆಗಳು ಚೆನ್ನಾಗಿಯೇ ಇದ್ದವು. ಆದರೆ ಕೇಳುತ್ತ ಕುಳಿತಾಗ ಏನೋ ಕೊರತೆ ಕಾಣುತ್ತಿತ್ತು. ಐದಾರು ಮಂದಿ ಹೇಳಿ ಮುಗಿಸಿದ ಮೇಲೆ ಅದು ಯಾವುದೆಂದು ತಿಳಿಯಿತು. ಕೊರತೆ ಇದ್ದುದು ಕ್ರಿಯಾಪದದಲ್ಲಿ. "ಒಂದು ಊರಿನಲ್ಲಿ ಒಬ್ಬ ರಾಜನಿದ್ದನು" ಎಂದು ಅವರು ಆರಂಭಿಸುತ್ತಿದ್ದರು. ನಮ್ಮ ಮನೆಗಳಲ್ಲಿ ಯಾವ ಅಜ್ಜಿಯೂ ಹಾಗೆ ಹೇಳಿದವಳಲ್ಲ. "ಒಂದ ಊರಾಗ ಒಬ್ಬ ರಾಜಾ ಇದ್ದನಂತ" ಎಂದೇ ಅವಳ ಆರಂಭ. ಬರೆಹದಲ್ಲಿ ನಾವು 'ಇದ್ದನಂತೆ' ಎಂದು ಬರೆಯುವ ಈ ಪುಟ್ಟ ಪ್ರತ್ಯಯದಲ್ಲಿ ಬಹಳ ಅರ್ಥವಿದೆ. ನಾನು ಕಂಡದ್ದಲ್ಲ, ನನಗೂ ಒಬ್ಬರು ಹೇಳಿದ್ದು, ಅವರಿಗೆ ಇನ್ನೊಬ್ಬರು ಹೇಳಿದ್ದು ಎಂದು ಅದು ಪ್ರತಿ ವಾಕ್ಯದ ತುದಿಯಲ್ಲೂ ನೆನಪಿಸುತ್ತದೆ. 'ಇದ್ದನು' ಎಂದರೆ ಚರಿತ್ರೆ, 'ಇದ್ದನಂತೆ' ಎಂದರೆ ಕಥೆ. ಮಕ್ಕಳು ಪರದೆಯಿಂದ ಓದಿ ತಂದುದಕ್ಕೆ ಹೇಳಿದವರೇ ಇರಲಿಲ್ಲ, ಆದುದರಿಂದ 'ಅಂತೆ'ಯೂ ಇರಲಿಲ್ಲ.

ಎರಡನೆಯ ಕೊರತೆ ಕೇಳುವವರದು. ಒಬ್ಬರು ಹೇಳುವಾಗ ಉಳಿದ 23 ಮಂದಿ ಬಾಯಿಗೆ ಬೀಗ ಹಾಕಿದಂತೆ ಕುಳಿತಿದ್ದರು. ಶಿಸ್ತೆಂದರೆ ಮೌನವೆಂದು ನಾವು ಶಿಕ್ಷಕರೇ ಅವರಿಗೆ ವರ್ಷಗಟ್ಟಲೆ ಕಲಿಸಿದ್ದೇವಲ್ಲ! ಆದರೆ ನಮ್ಮ ಕಡೆಯ ಕಥನದಲ್ಲಿ ಮೌನಕ್ಕೆ ಜಾಗವಿಲ್ಲ. ಕೇಳುವವನು ಪ್ರತಿ ಮಾತಿಗೂ "ಹೂಂ" ಎನ್ನಬೇಕು. ಹೂಂಗುಟ್ಟುವುದು ನಿಂತರೆ ಕೇಳುವವನಿಗೆ ನಿದ್ದೆ ಬಂತೆಂದು ತಿಳಿದು ಹೇಳುವವಳೂ ನಿಲ್ಲಿಸುತ್ತಾಳೆ. ನಾವು ಚಿಕ್ಕವರಿದ್ದಾಗ ರಾತ್ರಿ ಶೇಂಗಾ ಸುಲಿಯುತ್ತ, ಗೋವಿನಜೋಳದ ತೆನೆ ಬಿಡಿಸುತ್ತ ಕಥೆ ಕೇಳುವಾಗ ಈ ಹೂಂಗುಟ್ಟುವ ಕೆಲಸಕ್ಕೆ ಒಬ್ಬರನ್ನು ನೇಮಿಸಿಯೇ ಕೂರಿಸುತ್ತಿದ್ದರು. ಹಗಲು ಕಥೆ ಹೇಳಿದರೆ ದಾರಿಹೋಕರು ದಾರಿ ತಪ್ಪುತ್ತಾರೆಂದು ಅವ್ವ ಹೇಳುತ್ತಿದ್ದಳು. ಹಗಲಿನ ಕೆಲಸ ಕೆಡದಿರಲೆಂದು ಹಿರಿಯರು ಹಾಕಿದ ಕಟ್ಟಳೆಯೆಂದು ಈಗ ತೋರುತ್ತದೆ. ತೆನೆ ಬಿಡಿಸುವ ಯಂತ್ರ ಬಂದ ಮೇಲೆ ಬೆರಳುಗಳಿಗೆ ವಿಶ್ರಾಂತಿ ಸಿಕ್ಕಿತು. ಅದೇ ಹೊತ್ತಿಗೆ ಮನೆಗೆ ಟಿವಿ ಬಂತು, ಹೂಂಗುಟ್ಟುವವರು ಇಲ್ಲದಾದರು.

ಎ.ಕೆ. ರಾಮಾನುಜನ್ ಅವರು ಸಂಗ್ರಹಿಸಿದ ಕನ್ನಡ ಜನಪದ ಕಥೆಯೊಂದು ಇಲ್ಲಿ ನೆನಪಾಗುತ್ತದೆ. 1950ರ ದಶಕದಲ್ಲಿ ಬೆಳಗಾವಿಯಲ್ಲಿ ಅಧ್ಯಾಪಕರಾಗಿದ್ದ ಅವರಿಗೆ ನಮ್ಮ ಉತ್ತರ ಕರ್ನಾಟಕದ ಕಥೆಗಳ ಪರಿಚಯ ಚೆನ್ನಾಗಿತ್ತು. ಒಬ್ಬ ಹೆಂಗಸಿಗೆ ಒಂದು ಕಥೆ, ಒಂದು ಹಾಡು ಗೊತ್ತಿದ್ದವಂತೆ. ಅವಳು ಯಾರಿಗೂ ಹೇಳಲಿಲ್ಲ, ಹಾಡಲಿಲ್ಲ. ಒಳಗೇ ಉಸಿರುಗಟ್ಟಿದ ಕಥೆ ಮತ್ತು ಹಾಡು ಒಂದು ದಿನ ಅವಳ ಬಾಯಿಂದ ತಪ್ಪಿಸಿಕೊಂಡು ಹೊರಬಂದು, ಬಾಗಿಲಲ್ಲಿ ಗಂಡಸಿನ ಜೋಡು ಮತ್ತು ಅಂಗಿಯ ರೂಪ ತಾಳಿ ಕುಳಿತವು. ಗಂಡನಿಗೆ ಸಂಶಯ ಹುಟ್ಟಿ ಸಂಸಾರದಲ್ಲಿ ಜಗಳವಾಯಿತು. ಕೊನೆಗೆ ದೀಪಗಳು ಮಾತಾಡಿಕೊಂಡದ್ದನ್ನು ಕೇಳಿ ಗಂಡನಿಗೆ ನಿಜ ತಿಳಿದು, ಬಂದು ಕೇಳಿದಾಗ ಅವಳಿಗೆ ಎರಡೂ ಮರೆತುಹೋಗಿದ್ದವು. ಗಿರೀಶ ಕಾರ್ನಾಡರು ರಾಮಾನುಜನ್ ಅವರಿಂದ ಕೇಳಿದ ಜನಪದ ಕಥೆಗಳಿಂದಲೇ 1988ರಲ್ಲಿ 'ನಾಗಮಂಡಲ'ವನ್ನು ಕಟ್ಟಿದರು. ಮಾತಾಡುವ ಆ ದೀಪಗಳು ಅಲ್ಲಿಯೂ ಬರುತ್ತವೆ.

ಇದನ್ನು ಹೇಳಲು ಕಾರಣವಿದೆ. ಅಂದು ಬ್ಯಾಡಗಿ ಕಡೆಯ ಹಳ್ಳಿಯ ಹುಡುಗಿಯೊಬ್ಬಳು ಕಥೆ ಹೇಳಲು ನಿಂತಳು. ತನ್ನ ಅಜ್ಜಿಯಿಂದ ಕೇಳಿ ತಂದ ಕಥೆಯೆಂದು ಮೊದಲೇ ತಿಳಿಸಿದಳು. ಅಜ್ಜಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೂಲಿಗೆ ಹೋಗುವವಳು. ಏಳು ಮಂದಿ ಅಣ್ಣಂದಿರಿಗೆ ಒಬ್ಬಳೇ ತಂಗಿ ಇದ್ದಳಂತೆ. ಅಣ್ಣಂದಿರು ದೂರದೇಶಕ್ಕೆ ಹೋದಾಗ ಏಳು ಮಂದಿ ಅತ್ತಿಗೆಯರು ಅವಳಿಗೆ ಮೂರು ಕೆಲಸ ಹೇಳಿದರಂತೆ. ಮೊದಲನೆಯದು ಉಸುಕಿನಲ್ಲಿ ಬೆರೆಸಿದ ಎಳ್ಳನ್ನು ಬೇರ್ಪಡಿಸುವುದು, ಅದನ್ನು ಇರುವೆಗಳು ಮಾಡಿಕೊಟ್ಟವಂತೆ. ಎರಡನೆಯದು ಜರಡಿಯಲ್ಲಿ ನೀರು ತರುವುದು, ಕಪ್ಪೆಗಳು ಬಂದು ತೂತುಗಳ ಮೇಲೆ ಕುಳಿತು ನೀರು ಸೋರದಂತೆ ತಡೆದವಂತೆ. ಇಲ್ಲಿಗೆ ಹುಡುಗಿ ನಿಂತಳು. ಮೂರನೆಯ ಕೆಲಸವನ್ನು ಹೇಳಲಿಲ್ಲ. "ಮೂರನೇದು ಏನೋ ಇತ್ತು ಯವ್ವಾ, ಬಾಯಿಗೆ ಬರವಲ್ದು. ಕೇಳವ್ರ ಇಲ್ಲದ ಎಷ್ಟ ವರ್ಷ ಆತು" ಎಂದು ಅಜ್ಜಿ ಹೇಳಿದಳಂತೆ. ಹುಡುಗಿ ತಾನೇ ಒಂದು ಮುಕ್ತಾಯ ಕಟ್ಟಬಹುದಾಗಿತ್ತು. ಕಟ್ಟಲಿಲ್ಲ. "ನನಗ ಸಿಕ್ಕದ್ದು ಇಷ್ಟ" ಎಂದು ಹೇಳಿ ಕುಳಿತಳು.

ಅಂಕ ಹಾಕುವಾಗ ಚರ್ಚೆ ಎದ್ದಿತು. ನನ್ನ ಜೊತೆ ಮೌಲ್ಯಮಾಪನಕ್ಕೆ ಕುಳಿತಿದ್ದ ಇನ್ನೊಬ್ಬ ಅಧ್ಯಾಪಕರ ವಾದ ಹೀಗಿತ್ತು: ಪಟ್ಟಿಯಲ್ಲಿ 'ಕಥೆಯ ಮುಕ್ತಾಯ'ಕ್ಕೆ ಐದು ಅಂಕ, 'ಭಾಷಾಶುದ್ಧಿ'ಗೆ ಐದು ಅಂಕ. ಇವಳು ಮುಗಿಸಲಿಲ್ಲ, ಆಡುಮಾತು ಬಿಡಲಿಲ್ಲ, ಎರಡರಲ್ಲೂ ಕಳೆಯಬೇಕು. ಅವರ ಮಾತಿನಲ್ಲಿ ನ್ಯಾಯವಿಲ್ಲವೆಂದು ಹೇಳಲಾರೆ. ಪಟ್ಟಿಯನ್ನು ಎಲ್ಲ ಮಕ್ಕಳಿಗೂ ಮೊದಲೇ ಕೊಟ್ಟಿದ್ದರು, ನಡುವೆ ಒಬ್ಬಳಿಗಾಗಿ ನಿಯಮ ಬದಲಿಸಿದರೆ ಉಳಿದವರಿಗೆ ಅನ್ಯಾಯವಾಗುತ್ತದೆ. ಆದರೆ ನಾನು ಕೇಳಿದ ಪ್ರಶ್ನೆ ಬೇರೆ. ಇಡೀ ತರಗತಿಯಲ್ಲಿ ಪ್ರತಿ ವಾಕ್ಯದಲ್ಲೂ 'ಅಂತೆ' ಉಳಿಸಿಕೊಂಡವಳು ಇವಳೊಬ್ಬಳೇ. ಒಬ್ಬ ಜೀವಂತ ವ್ಯಕ್ತಿಯ ಎದುರು ಕುಳಿತು ಹೂಂಗುಟ್ಟಿ, ವರ್ಷಗಳಿಂದ ಮುಚ್ಚಿದ್ದ ಬಾಯಿಯಿಂದ ಕಥೆಯ ಮೂರರಲ್ಲಿ ಎರಡು ಭಾಗ ಹೊರತಂದಿದ್ದಾಳೆ. ಮಧ್ಯಾವಧಿ ಎಂದರೆ ಅರ್ಧ ದಾರಿ ತಾನೆ? ಅರ್ಧ ದಾರಿಯಲ್ಲಿ ಇದಕ್ಕಿಂತ ಹೆಚ್ಚು ಯಾರು ನಡೆದಿದ್ದಾರೆ?

ಹಳೆಯ ವಿದ್ಯಾರ್ಥಿನಿ ಇಬ್ಬರ ಮಾತನ್ನೂ ಕೇಳಿ ತೀರ್ಮಾನಿಸಿದಳು. ಮಧ್ಯಾವಧಿಯ ಅಂಕ ಪಟ್ಟಿಯಂತೆಯೇ ಉಳಿಯಿತು. ಹುಡುಗಿಗೆ ಹತ್ತರಲ್ಲಿ ಏಳು ಅಂಕ ಹೋದವು. ಉಳಿದ ಎಂಟು ವಾರಗಳಿಗೆ ಮಾತ್ರ ಪಾಠಕ್ರಮ ಬದಲಾಯಿತು. ಪ್ರತಿಯೊಬ್ಬರೂ ಒಬ್ಬ ಹಿರಿಯರಿಂದ ಕೇಳಿದ ಕಥೆಯನ್ನೇ ತರಬೇಕು. ಒಬ್ಬರು ಹೇಳುವಾಗ ಇನ್ನೊಬ್ಬರು ಹೂಂಗುಟ್ಟಬೇಕು, ಅದಕ್ಕೂ ಅಂಕವುಂಟು. 'ಭಾಷಾಶುದ್ಧಿ'ಯ ಜಾಗದಲ್ಲಿ 'ಹೇಳಿದವರ ಮಾತಿಗೆ ನಿಷ್ಠೆ' ಎಂದು ತಿದ್ದಿದಳು. ಹುಡುಗಿಗೆ ಈ ವ್ಯವಸ್ಥೆಯನ್ನು ಹೇಳಿದಾಗ ಅವಳು ಕೇಳಿದ್ದು ಅಂಕದ ಮಾತಲ್ಲ. "ಅಜ್ಜಿಗೆ ಅಷ್ಟರಾಗ ನೆನಪಾಗದಿದ್ರ?" ಎಂದಳು. ಅದಕ್ಕೆ ನಮ್ಮ ಮೂವರಲ್ಲಿ ಯಾರ ಬಳಿಯೂ ಉತ್ತರವಿರಲಿಲ್ಲ. ಅಜ್ಜಿಯ ವಯಸ್ಸು ಎಂಬತ್ತರ ಹತ್ತಿರ.

ಆ ಹುಡುಗಿಯ ಪರವಾಗಿ ನಿಮ್ಮೆಲ್ಲರಲ್ಲಿ ಒಂದು ಬಿನ್ನಹ. ಏಳು ಅಣ್ಣಂದಿರ ತಂಗಿಯ ಕಥೆ ನಿಮ್ಮ ಅವ್ವನಿಗೋ ಅತ್ತೆಗೋ ದೊಡ್ಡವ್ವನಿಗೋ ಗೊತ್ತಿದ್ದೀತು. ಫೋನು ಮಾಡಿ ಕೇಳಬೇಡಿ. ಒಂದು ರಾತ್ರಿ ಟಿವಿ ಆರಿಸಿ, ಎದುರು ಕುಳಿತು, ಹೂಂ ಎನ್ನುತ್ತ ಕೇಳಿರಿ. ಎಳ್ಳು ಆಯಿತು, ಜರಡಿ ಆಯಿತು. ಮೂರನೆಯ ಕೆಲಸ ಯಾವುದೆಂದು ತಿಳಿದರೆ ನನಗೆ ತಿಳಿಸಿರಿ, ಅಜ್ಜಿಗೆ ಮುಟ್ಟಿಸುವ ಹೊಣೆ ನನ್ನದು.