ಕಾಫಿ ಆಯ್ತಾ?

ಭಾನುವಾರ ಬೆಳಿಗ್ಗೆ ಏಳಕ್ಕೆಲ್ಲ ಅಮ್ಮ ಸ್ನಾನ ಮುಗಿಸಿ, ಇಸ್ತ್ರಿಯ ಸೀರೆ ಉಟ್ಟು ಕಂಪ್ಯೂಟರಿನ ಮುಂದೆ ಬಂದು ಕೂರುತ್ತಿದ್ದಳು. ನ್ಯೂಜೆರ್ಸಿಯಲ್ಲಿ ಆಗ ಶನಿವಾರ ರಾತ್ರಿ. ಪರದೆಯ ಮೇಲೆ ತಂಗಿಯ ಮುಖ ಮೂಡಿತೋ ಇಲ್ಲವೋ, ಅಮ್ಮನ ಮೊದಲ ಪ್ರಶ್ನೆ: "ಕಾಫಿ ಆಯ್ತೇನೇ?"

"ಅಮ್ಮ, ಇಲ್ಲಿ ಮಲಗೋ ಹೊತ್ತು" ಎಂದು ತಂಗಿ ಮೂರು ವರ್ಷ ಹೇಳಿದಳು. ಅಮ್ಮ ಮೂರು ವರ್ಷವೂ ಕೇಳಿದಳು.

ಈ ಪ್ರಶ್ನೋತ್ತರಕ್ಕೆ ಸೇತುವೆಯಾಗಿದ್ದದ್ದು 2008ರಲ್ಲಿ ಬೆಂಗಳೂರಿನ ಎಸ್‌.ಪಿ. ರೋಡಿನಲ್ಲಿ ಚೌಕಾಸಿ ಮಾಡಿ ತಂದ ವೆಬ್‌ಕ್ಯಾಮ್. ದೊಡ್ಡ ನೆಲ್ಲಿಕಾಯಿಯಷ್ಟು ಗುಂಡಗಿನ ತಲೆ, ಅದರ ಸುತ್ತ ಆರು ಎಲ್‌ಇಡಿ, ವೈರಿನ ನಡುವೆ ಬೆಳಕು ಹೆಚ್ಚು ಕಡಿಮೆ ಮಾಡುವ ಪುಟ್ಟ ತಿರುಗಣೆ. ಡಬ್ಬದ ಮೇಲೆ 16 ಮೆಗಾಪಿಕ್ಸೆಲ್ ಎಂದು ಅಚ್ಚಾಗಿತ್ತು. ಒಳಗಿದ್ದದ್ದು 640 ಅಡ್ಡ, 480 ಉದ್ದ. ಗುಣಿಸಿದರೆ ಮೂರು ಲಕ್ಷ ಚಿಲ್ಲರೆ ಚುಕ್ಕಿ. ಉಳಿದ ಒಂದೂವರೆ ಕೋಟಿ ಚುಕ್ಕಿಗಳು ಡಬ್ಬದ ಮೇಲೇ ಉಳಿದಿದ್ದವು. ಮಗಳಿಗೆ ಅಮ್ಮನ ಮುಖ ಕಂಡರೆ ಸಾಕಿತ್ತು, ನಾನೂ ತಕರಾರು ತೆಗೆಯಲಿಲ್ಲ.

2011ರ ಬೇಸಿಗೆಯಲ್ಲಿ ಎಡವಟ್ಟು ಮಾಡಿದವನು ನಾನೇ. ನಮ್ಮದು ಲಿನಕ್ಸ್ ಹಾಕಿದ ಕಂಪ್ಯೂಟರು. ಹೊಸ ಆವೃತ್ತಿ ಬಂದಿದೆ, ಹಾಕಿಕೊಳ್ಳುತ್ತೀಯಾ ಎಂದು ಅದು ಶನಿವಾರ ರಾತ್ರಿ ಕೇಳಿತು. ಹೂಂ ಎಂದು ಮಲಗಿದೆ. ಬೆಳಿಗ್ಗೆ ತಂಗಿಯ ದನಿ ಬಂತು: "ಅಣ್ಣ, ನೀವು ಕಾಣ್ತಾನೇ ಇಲ್ಲ."

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆ. ವೈರು ಕಿತ್ತು ಚುಚ್ಚಿದೆ. ಮುಂದಿನ ತೂತಿನಿಂದ ಹಿಂದಿನ ತೂತಿಗೆ ಬದಲಿಸಿದೆ. ಕಂಪ್ಯೂಟರ್ ಆರಿಸಿ ಹಚ್ಚಿದೆ. ಆರೂ ಎಲ್‌ಇಡಿ ಫಳಫಳ ಹೊಳೆದವು, ಚಿತ್ರವಿಲ್ಲ. ಅಮ್ಮ ಸೆರಗು ಸರಿಮಾಡಿಕೊಂಡು ಕೂತೇ ಇದ್ದಳು.

"ಡ್ರೈವರ್ ಕೆಲಸ ಮಾಡ್ತಿಲ್ಲ ಅನ್ಸುತ್ತೆ ಕಣಮ್ಮ" ಎಂದೆ.

"ಮೊನ್ನೆವರೆಗೂ ಇದ್ದನಲ್ಲೋ. ಹಳೇ ಡ್ರೈವರ್ ಅಂದ್ರೆ ದಾರಿ ಚೆನ್ನಾಗೇ ಗೊತ್ತಿರುತ್ತೆ" ಎಂದಳು.

ನಾನು ಹೇಳಿದ್ದು ಕ್ಯಾಮೆರಾದ ಮಾತನ್ನು ಕಂಪ್ಯೂಟರಿಗೆ ತಿಳಿಸುವ ತಂತ್ರಾಂಶದ ಬಗ್ಗೆ. ನಗು ಬಂತು. ಆದರೆ ರೋಗ ಪತ್ತೆ ಹಚ್ಚಿದವಳು ಅವಳೇ ಎಂದು ಗೊತ್ತಾಗಲು ನನಗೆ ನಾಲ್ಕು ರಾತ್ರಿ ಬೇಕಾದವು.

ಆ ನಾಲ್ಕು ರಾತ್ರಿಗಳಲ್ಲಿ ಕ್ಯಾಮೆರಾದ ವಂಶಾವಳಿಯನ್ನೂ ಓದಿಕೊಂಡೆ. ಮೂಲಪುರುಷ 1991ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯದ ಕಂಪ್ಯೂಟರ್ ಪ್ರಯೋಗಾಲಯದಲ್ಲಿ ಹುಟ್ಟಿದ. ಟ್ರೋಜನ್ ರೂಮ್ ಎಂಬ ಕೋಣೆಯ ಬಳಿ ಎಲ್ಲರಿಗೂ ಸೇರಿ ಒಂದೇ ಕಾಫಿ ಪಾತ್ರೆ. ದೂರದ ಕೋಣೆಗಳವರು ಮೆಟ್ಟಿಲು ಹತ್ತಿಳಿದು ಬಂದರೆ ಪಾತ್ರೆ ಬರಿದು. ಕ್ವೆಂಟಿನ್ ಸ್ಟ್ಯಾಫರ್ಡ್-ಫ್ರೇಸರ್ ಮತ್ತು ಪಾಲ್ ಜಾರ್ಡೆಟ್ಸ್‌ಕಿ ಸೇರಿ ಪಾತ್ರೆಗೆ ಎದುರಾಗಿ ಒಂದು ಕ್ಯಾಮೆರಾ ನಿಲ್ಲಿಸಿದರು. 128ಕ್ಕೆ 128 ಚುಕ್ಕಿಗಳ ಕಪ್ಪುಬಿಳುಪು ಚಿತ್ರ, ನಿಮಿಷಕ್ಕೆ ಮೂರು ಸಲದಂತೆ ಎಲ್ಲರ ಮೇಜಿಗೂ ಹೋಗುತ್ತಿತ್ತು. 1993ರಲ್ಲಿ ಅದು ಅಂತರಜಾಲಕ್ಕೆ ಏರಿ ಊರೂರಿನ ಜನ ಯಾರದೋ ಕಾಫಿಯನ್ನು ಇಣುಕಿ ನೋಡಿದರು. 2001ರ ಆಗಸ್ಟ್ 22ರಂದು ಕ್ಯಾಮೆರಾ ಆರಿಸಿದರು. ಆ ಹೊತ್ತಿಗೆ ಕೆಟ್ಟುಹೋಗಿದ್ದ ಕಾಫಿ ಯಂತ್ರವನ್ನು ಜರ್ಮನಿಯ 'ಡೆರ್ ಶ್ಪೀಗಲ್' ಪತ್ರಿಕೆಯ ಜಾಲತಾಣದವರು 3,350 ಪೌಂಡಿಗೆ ಹರಾಜಿನಲ್ಲಿ ಕೊಂಡರು.

ಅಂದರೆ ಜಗತ್ತಿನ ಮೊದಲ ವೆಬ್‌ಕ್ಯಾಮ್ ಹುಟ್ಟಿದ್ದೇ "ಕಾಫಿ ಆಯ್ತಾ?" ಎಂದು ಕೇಳಲು! ಅಮ್ಮನಿಗೆ ಇದನ್ನು ಹೇಳಿದೆ. "ಮತ್ತಿನ್ನೇನು ಕೇಳ್ತಾರೆ?" ಎಂದಳು.

ಅಂಗಡಿಯಲ್ಲಿ ಕೊಳ್ಳುವಂಥ ಗುಂಡುತಲೆ ಬಂದದ್ದು 1994ರಲ್ಲಿ, ಕನೆಕ್ಟಿಕ್ಸ್ ಕಂಪನಿಯ ಕ್ವಿಕ್‌ಕ್ಯಾಮ್. ನಮ್ಮದು ಅದರ ದೂರದ ಬಡ ನೆಂಟ. ಕಷ್ಟವೇನೆಂದರೆ, ಆಮೇಲೆ ಬಂದ ನೂರಾರು ಕ್ಯಾಮೆರಾಗಳಲ್ಲಿ ಒಂದೊಂದಕ್ಕೂ ಒಂದೊಂದು ಭಾಷೆ. ಎಲ್ಲವೂ ಒಂದೇ ಭಾಷೆ ಆಡಲಿ ಎಂದು 2003ರಲ್ಲಿ ಯುವಿಸಿ ಎಂಬ ಕಟ್ಟಳೆ ಬಂತು. ಐದು ವರ್ಷ ಆಮೇಲೆ ಕೊಂಡ ನಮ್ಮ ಕ್ಯಾಮೆರಾಗೆ ಆ ಸುದ್ದಿ ಮುಟ್ಟಿರಲಿಲ್ಲ. ಅಂಥವುಗಳ ಪಾಲಿಗೆ ದೇವರಂತೆ ಒದಗಿದವರು ಫ್ರಾನ್ಸಿನ ಮಿಶೆಲ್ ಕ್ಸಾರ್. ವೃತ್ತಿಯಿಂದ ವೈದ್ಯರು, ಬಿಡುವಿನಲ್ಲಿ ಕೂತು ಇನ್ನೂರಕ್ಕೂ ಹೆಚ್ಚು ಬಗೆಯ ಕ್ಯಾಮೆರಾಗಳಿಗೆ ಲಿನಕ್ಸ್ ಡ್ರೈವರ್ ಬರೆದರು. ಡಬ್ಬದ ಮೇಲೆ ಸುಳ್ಳು ಅಚ್ಚು ಹಾಕಿದವರು ಇಂಥ ಒಬ್ಬ ಡಾಕ್ಟರಿಗೆ ಒಂದು ಕೃತಜ್ಞತೆಯನ್ನಾದರೂ ಅಚ್ಚು ಹಾಕಬಹುದಿತ್ತು.

ಮೂರನೆಯ ರಾತ್ರಿ 'ಎಲ್‌ಎಸ್‌ಯುಎಸ್‌ಬಿ' ಎಂದು ಕಪ್ಪು ಕಿಟಕಿಯಲ್ಲಿ ಟೈಪು ಮಾಡಿದೆ. ಚುಚ್ಚಿದ ಸಾಧನಗಳ ಪಟ್ಟಿ ಬಂತು. ಮೌಸಿನ ಕೆಳಗೆ ನಮ್ಮವನೂ ಇದ್ದ: 0ಎಸಿ8 : 301ಬಿ. ಮೊದಲ ನಾಲ್ಕು ಅಕ್ಷರ ಚಿಪ್ ಮಾಡಿದವರದು, ಕೊನೆಯ ನಾಲ್ಕು ಚಿಪ್ಪಿನದು, ನಮ್ಮ ಹೆಸರಿಗೆ ಇನಿಷಿಯಲ್ ಇದ್ದ ಹಾಗೆ. ಡ್ರೈವರೂ ತನ್ನ ಸೀಟಿನಲ್ಲೇ ಇದ್ದ. ಬರೀ ಫೋಟೊ ತೆಗೆಯುವ ಇನ್ನೊಂದು ತಂತ್ರಾಂಶ ತೆರೆದೆ. ಬನಿಯನ್ನಿನಲ್ಲಿ ಕೂತ ನನ್ನ ಅವತಾರ ಸ್ಪಷ್ಟವಾಗಿ ಕಂಡಿತು.

ಹಾಗಾದರೆ ಕ್ಯಾಮೆರಾ ಗಟ್ಟಿ, ಡ್ರೈವರ್ ಗಟ್ಟಿ. ಕೆಟ್ಟದ್ದು ದಾರಿ. ನಾವು ಮಾತಾಡುತ್ತಿದ್ದ ಹಳೆಯ ತಂತ್ರಾಂಶ ಚಿತ್ರ ಕೇಳುತ್ತಿದ್ದದ್ದು 'ವೀಡಿಯೊ ಫಾರ್ ಲಿನಕ್ಸ್' ಎಂಬ ಏರ್ಪಾಟಿನ ಮೊದಲ ಆವೃತ್ತಿಯ ಮೂಲಕ. ಎರಡನೆಯದು ಬಂದು ವರ್ಷಗಳಾಗಿದ್ದವು. ಹಳೆಯದನ್ನು ತೆಗೆಯುತ್ತೇವೆಂದು ಮೊದಲೇ ಹೇಳಿಯೂ ಇದ್ದರು. 2011ರ ಮಾರ್ಚಿನಲ್ಲಿ ಬಂದ, ಲಿನಕ್ಸಿನ ತಿರುಳಾದ 2.6.38ನೆಯ ಕರ್ನಲ್‌ನಲ್ಲಿ ತೆಗೆದೇ ಬಿಟ್ಟರು. ಡ್ರೈವರ್ ಗಾಡಿ ಹತ್ತಿ ಕೂತಿದ್ದಾನೆ, ರಸ್ತೆ ಅಗೆದು ಹಾಕಿದ್ದಾರೆ. ಅಮ್ಮ ಹೇಳಿದ್ದು ಸರಿ, ಅವನಿಗೆ ದಾರಿ ಗೊತ್ತಿತ್ತು. ದಾರಿಯೇ ಇರಲಿಲ್ಲ.

ಬಳಸುದಾರಿಯೊಂದನ್ನು ಹಾಲೆಂಡಿನ ಹಾನ್ಸ್ ಡೆ ಗೂಡೆ ಆಗಲೇ ಕಡಿದಿಟ್ಟಿದ್ದರು. ಅವರ ಪುಟ್ಟ ಕಡತವೊಂದನ್ನು ಮೊದಲು ಲೋಡ್ ಮಾಡಿ, ಆಮೇಲೆ ಮಾತಿನ ತಂತ್ರಾಂಶ ತೆರೆಯಬೇಕು. ಹಳೆಯ ಭಾಷೆಯಲ್ಲಿ ಕೇಳಿದ್ದನ್ನು ಅದು ಹೊಸ ಭಾಷೆಗೆ ತಿರುಗಿಸಿ ಕೊಡುತ್ತದೆ. ಒಂದೇ ಸಾಲಿನ ಆಜ್ಞೆ. ಪ್ರತಿ ಭಾನುವಾರ ಅದನ್ನು ಟೈಪು ಮಾಡುವವರು ಯಾರು? ಆ ಸಾಲನ್ನು ಒಂದು ಗುಂಡಿಯ ಹಿಂದೆ ಕೂರಿಸಿ, ಅಮ್ಮ ಒತ್ತಲೆಂದು ಪರದೆಯ ಮೂಲೆಯಲ್ಲಿಟ್ಟು, 'ಕಾಫಿ' ಎಂದು ಹೆಸರಿಟ್ಟೆ.

ಮುಂದಿನ ಭಾನುವಾರ ಒತ್ತಿದಳು. ತಂಗಿಗೆ ಅಮ್ಮ ಕಂಡಳು. ಅಮ್ಮ ಬಾಯಿ ತೆರೆಯುವ ಮೊದಲೇ ಅತ್ತಲಿಂದ, "ಆಯ್ತಮ್ಮ, ಈಗಷ್ಟೇ ಕುಡಿದೆ" ಎಂಬ ಸುಳ್ಳು ಬಂತು.

ಆ ಕಂಪ್ಯೂಟರು 2016ರಲ್ಲಿ ಗುಜರಿಗೆ ಹೋಯಿತು. ಕ್ಯಾಮೆರಾವನ್ನು ಕೊಡಲಿಲ್ಲ. ಮೊನ್ನೆ ಚುಚ್ಚಿ ನೋಡಿದೆ, ಆರರಲ್ಲಿ ನಾಲ್ಕು ಎಲ್‌ಇಡಿ ಉರಿಯುತ್ತವೆ.