ಗೆದ್ದ ಪಂದ್ಯದಲ್ಲಿ ಸೋತವನು



ಕಳೆದ ಬೇಸಿಗೆಯ ರಜೆಯಲ್ಲಿ ನನ್ನ ಮೊಮ್ಮಗ ಮನೆಗೆ ಬಂದಿದ್ದ. ಫುಟ್ಬಾಲ್ ಎಂದರೆ ಅವನಿಗೆ ಊಟ ನಿದ್ರೆಗಳ ಪರಿವೆಯೇ ಇರುವುದಿಲ್ಲ. ಒಂದು ಸಂಜೆ ತನ್ನ ಮೊಬೈಲಿನಲ್ಲಿ ಹಳೆಯ ಪಂದ್ಯವೊಂದರ ತುಣುಕನ್ನು ತೋರಿಸುತ್ತಾ, "ಅಜ್ಜಾ, ಇವನು ವಿಯೆಟ್ನಾಮಿನವನು. ದಕ್ಷಿಣ ಕೊರಿಯಾವನ್ನೇ ಸೋಲಿಸಿದವನು. ಎರಡು ವರ್ಷಗಳ ನಂತರ ಪೊಲೀಸರ ಕೈಗೆ ಸಿಕ್ಕಿಬಿದ್ದ" ಎಂದ.

"ಏಕೆ? ಸೋಲುವುದಕ್ಕಾಗಿ ಹಣ ಪಡೆದನೇ?" ಎಂದು ಕೇಳಿದೆ.

"ಇಲ್ಲ ಅಜ್ಜಾ. ಗೆಲ್ಲಬೇಕಾಗಿತ್ತು. ಆದರೆ ಹೆಚ್ಚು ಗೆಲ್ಲಬಾರದಾಗಿತ್ತು."

ಆ ಒಂದು ಮಾತು ಅಂದು ರಾತ್ರಿ ನನ್ನನ್ನು ಮಲಗಗೊಡಲಿಲ್ಲ. ಅದಕ್ಕೆ ನನ್ನದೇ ಆದ ಕಾರಣವಿದೆ, ಮುಂದೆ ನಿವೇದಿಸುತ್ತೇನೆ. ಮೊದಲು ಆ ಆಟಗಾರನ ವಿಷಯವನ್ನು ತಾವು ಕೇಳಬೇಕು.

ಅವನ ಹೆಸರು ಫಾಮ್ ವಾನ್ ಕ್ವಿಯೆನ್. ಹುಟ್ಟಿದ್ದು 1984ರಲ್ಲಿ, ಮಧ್ಯ ವಿಯೆಟ್ನಾಮಿನ ಉತ್ತರ ಭಾಗದಲ್ಲಿರುವ ನ್ಘೆ ಆನ್ ಪ್ರಾಂತ್ಯದಲ್ಲಿ. ಬಿಸಿಗಾಳಿಗೂ ಚಂಡಮಾರುತಕ್ಕೂ ಮೈಯೊಡ್ಡಿ ಬದುಕುವ ಬಡ ನಾಡದು. ಅಲ್ಲಿ ಹರಿಯುವ ಲಾಮ್ ನದಿಯ ಹೆಸರನ್ನೇ ಹೊತ್ತ ಸಾಂಗ್ ಲಾಮ್ ಎಂಬ ಫುಟ್ಬಾಲ್ ಸಂಘವು ಎಳೆಯ ಹುಡುಗರನ್ನು ಆರಿಸಿ ಪಳಗಿಸುವುದರಲ್ಲಿ ದೇಶಕ್ಕೇ ಹೆಸರಾದುದು. ಕ್ವಿಯೆನ್ ಆ ಅಂಗಳದಲ್ಲೇ ಬೆಳೆದ ಹುಡುಗ. 2000ದಲ್ಲಿ ದಾ ನಾಂಗ್ ನಗರದಲ್ಲಿ ನಡೆದ ಹದಿನಾರರ ಒಳಗಿನವರ ಏಷ್ಯಾ ಪಂದ್ಯಾವಳಿಯಲ್ಲಿ ವಿಯೆಟ್ನಾಂ ನಾಲ್ಕನೆಯ ಸ್ಥಾನ ಪಡೆದಾಗ ದೇಶದ ಕಣ್ಣು ಅವನ ಮೇಲೆ ಬಿದ್ದಿತು.

ಮೂರು ವರ್ಷಗಳ ಬಳಿಕ, 2003ರ ಅಕ್ಟೋಬರ್ 19ರಂದು, ಒಮಾನಿನ ಮಸ್ಕತ್ ನಗರದಲ್ಲಿ ವಿಯೆಟ್ನಾಂ ತಂಡವು ದಕ್ಷಿಣ ಕೊರಿಯಾವನ್ನು ಎದುರಿಸಿತು. ಕೊರಿಯಾ ಹಿಂದಿನ ವರ್ಷವಷ್ಟೇ ವಿಶ್ವಕಪ್ಪಿನ ಸೆಮಿಫೈನಲ್ ಆಡಿದ ತಂಡ. ಅಂದು ವಿಯೆಟ್ನಾಂ 1-0 ಅಂತರದಿಂದ ಗೆದ್ದಿತು. ಆ ಒಂದೇ ಒಂದು ಗೋಲು ಹತ್ತೊಂಬತ್ತರ ಕ್ವಿಯೆನ್‌ನದು. ಅದೇ ಡಿಸೆಂಬರಿನಲ್ಲಿ ಹನೋಯಿಯ ಮೀ ದಿನ್ ಕ್ರೀಡಾಂಗಣದಲ್ಲಿ ಆಗ್ನೇಯ ಏಷ್ಯಾ ಕ್ರೀಡಾಕೂಟದ ಅಂತಿಮ ಪಂದ್ಯ ನಡೆಯಿತು. ಥಾಯ್ಲೆಂಡಿನ ವಿರುದ್ಧ ಸೋಲು ಖಚಿತವೆಂದು ಎಲ್ಲರೂ ಭಾವಿಸಿದ್ದ ಕೊನೆಯ ಗಳಿಗೆಯಲ್ಲಿ ಅವನು ಸಮಬಲದ ಗೋಲು ಹೊಡೆದ. ಹೆಚ್ಚುವರಿ ಸಮಯದಲ್ಲಿ ತಂಡ ಸೋತಿತು, ನಿಜ. ಆದರೆ ಜನ ಅವನನ್ನು ಎದೆಗಪ್ಪಿಕೊಂಡಿದ್ದರು. ಆ ವರ್ಷದ ದೇಶದ ಅತ್ಯುತ್ತಮ ಆಟಗಾರನಿಗೆ ಕೊಡುವ ಚಿನ್ನದ ಚೆಂಡು ಅವನ ಪಾಲಾಯಿತು.

ಇನ್ನು ಎರಡು ವರ್ಷ ಕಳೆಯುವಷ್ಟರಲ್ಲಿ ಎಲ್ಲವೂ ಮುಗಿಯಿತು. 2005ರ ನವೆಂಬರಿನಲ್ಲಿ ಅದೇ ಕ್ರೀಡಾಕೂಟ ಫಿಲಿಪ್ಪೀನ್ಸಿನಲ್ಲಿ ನಡೆಯಿತು. ಫುಟ್ಬಾಲ್ ಪಂದ್ಯಗಳಿಗೆ ಬಕೋಲೊಡ್ ನಗರ ವೇದಿಕೆಯಾಗಿತ್ತು. ಅಲ್ಲಿ ಮ್ಯಾನ್ಮಾರ್ ವಿರುದ್ಧದ ಪಂದ್ಯಕ್ಕೆ ಮುನ್ನ ಜೂಜುಕೋರರ ಬೇಡಿಕೆಯೊಂದು ಕೆಲವು ಆಟಗಾರರನ್ನು ತಲುಪಿತು. ಫುಟ್ಬಾಲ್ ಜೂಜಿನಲ್ಲಿ ಯಾರು ಗೆಲ್ಲುತ್ತಾರೆ ಎಂಬುದರ ಮೇಲೆ ಮಾತ್ರವಲ್ಲ, ಎಷ್ಟು ಗೋಲುಗಳ ಅಂತರದಿಂದ ಗೆಲ್ಲುತ್ತಾರೆ ಎಂಬುದರ ಮೇಲೂ ಹಣ ಹೂಡುತ್ತಾರೆ. ಆದ್ದರಿಂದ ಅವರು ಕೇಳಿದ್ದು ಸೋಲನ್ನಲ್ಲ. ಗೆಲ್ಲಿರಿ, ಆದರೆ ಒಂದು ಗೋಲಿಗಿಂತ ಹೆಚ್ಚಿನ ಅಂತರ ಬೇಡ, ಇಷ್ಟೇ. ಪಂದ್ಯ 1-0ಯಲ್ಲಿ ಮುಗಿಯಿತು. ಮಸ್ಕತ್ತಿನಲ್ಲಿ ಅವನಿಗೆ ಕೀರ್ತಿ ತಂದ ಅಂಕಿಯೂ ಅದೇ, ಬಕೋಲೊಡ್‌ನಲ್ಲಿ ಅವನನ್ನು ಕೆಡವಿದ ಅಂಕಿಯೂ ಅದೇ.

ತನಿಖೆಯಾಯಿತು, ಬಂಧನವಾಯಿತು. 2007ರ ಜನವರಿಯಲ್ಲಿ ನ್ಯಾಯಾಲಯವು ಕ್ವಿಯೆನ್‌ಗೆ ಎರಡು ವರ್ಷಗಳ ಶಿಕ್ಷೆ ವಿಧಿಸಿ, ಸೆರೆಗೆ ಕಳುಹಿಸದೆ ಅದನ್ನು ಅಮಾನತಿನಲ್ಲಿರಿಸಿತು. ಅವನ ಗೆಳೆಯ ಲೆ ಕ್ವಾಕ್ ವುವಾಂಗ್ ಸೆರೆಮನೆ ಸೇರಿದ. ಫುಟ್ಬಾಲ್ ಮೈದಾನವು ವರ್ಷಗಟ್ಟಲೆ ಅವರಿಗೆ ಮುಚ್ಚಿತು.

ಆ ತಂಡದ ತರಬೇತುದಾರರು ಆಸ್ಟ್ರಿಯಾದ ಆಲ್‌ಫ್ರೆಡ್ ರೀಡ್ಲ್. ಅವರು ಮೂತ್ರಪಿಂಡದ ಕಾಯಿಲೆಯಿಂದ ಬಳಲುತ್ತಿದ್ದರು. ಅದೇ 2007ರಲ್ಲಿ ತಮ್ಮದೊಂದು ಮೂತ್ರಪಿಂಡವನ್ನು ಅವರಿಗೆ ಕೊಡಲು ಅನೇಕ ವಿಯೆಟ್ನಾಮೀಯರು ಮುಂದೆ ಬಂದರು. ಅಂಥ ದಾನದಿಂದಲೇ ಅವರ ಬಾಳು ಮುಂದುವರಿಯಿತು. ಒಂದೆಡೆ ನಂಬಿಕೆಯನ್ನು ಮಾರಿದವರ ವಿಚಾರಣೆ, ಇನ್ನೊಂದೆಡೆ ಪರದೇಶಿಯೊಬ್ಬನಿಗಾಗಿ ತನ್ನ ದೇಹದ ಭಾಗವನ್ನೇ ಕೊಡುವ ಸಾಮಾನ್ಯ ಜನ. ಎರಡೂ ಒಂದೇ ನಾಡಿನಲ್ಲಿ, ಒಂದೇ ವರ್ಷದಲ್ಲಿ ನಡೆದವು ಎಂಬುದನ್ನು ನೆನೆದಾಗ ಮನಸ್ಸು ಮೌನವಾಗುತ್ತದೆ.

ಈಗ ನನ್ನ ಕಾರಣವನ್ನು ಹೇಳುತ್ತೇನೆ. ನಾನು ಒಂದು ಪ್ರಾಥಮಿಕ ಶಾಲೆಯ ಮುಖ್ಯೋಪಾಧ್ಯಾಯನಾಗಿದ್ದೆ. ಮಕ್ಕಳ ಬಿಸಿಯೂಟದ ಅಕ್ಕಿ ಬಂದಾಗ ಚೀಲಗಳನ್ನು ತೂಗಿ ಸಹಿ ಹಾಕುವುದು ನನ್ನ ಹೊಣೆ. ಒಮ್ಮೆ ಅಕ್ಕಿ ತರುತ್ತಿದ್ದವನು ನಯವಾಗಿ ಹೇಳಿದ: "ಮೇಷ್ಟ್ರೇ, ತಾವು ಸುಳ್ಳು ಬರೆಯುವುದು ಬೇಡ. ಚೀಲಗಳನ್ನು ಎಣಿಸಿ ಸಹಿ ಹಾಕಿ. ತೂಗದಿದ್ದರೆ ಸಾಕು." ಸುಳ್ಳನ್ನು ಬರೆ ಎಂದಿದ್ದರೆ ಅಂದೇ ಗದರಿ ಅಟ್ಟುತ್ತಿದ್ದೆ. ಆತ ಹಾಗೆನ್ನಲಿಲ್ಲ. ಚೀಲಗಳ ಸಂಖ್ಯೆ ಸರಿಯಾಗಿಯೇ ಇತ್ತು. ನನ್ನ ಮಗಳ ಮದುವೆಗೆ ಅವನು ಒಂದು ಗಾಡಿ ಸೌದೆ ಕಳುಹಿಸಿಕೊಟ್ಟ. ಮೂರು ತಿಂಗಳು ನಾನು ತೂಗಲಿಲ್ಲ.

ಒಂದು ಮಧ್ಯಾಹ್ನ ಅಡುಗೆಯಾಕೆ ಪಾತ್ರೆಯ ತಳ ಕೆರೆಯುತ್ತಾ, "ಈ ತಿಂಗಳೂ ಅಕ್ಕಿ ಬೇಗನೆ ಮುಗಿಯುತ್ತಿದೆ ಸಾರ್" ಎಂದಳು. ಸಾಲಿನ ಕೊನೆಯಲ್ಲಿ ಮೂವರು ಮಕ್ಕಳು ತಟ್ಟೆ ಹಿಡಿದು ನಿಂತಿದ್ದರು. ಮಾರನೆಯ ದಿನದಿಂದ ತಕ್ಕಡಿ ಹೊರಗೆ ಬಂತು. ಯಾರೂ ನನ್ನನ್ನು ಪ್ರಶ್ನಿಸಲಿಲ್ಲ, ಯಾವ ನ್ಯಾಯಾಲಯವೂ ಕರೆಯಲಿಲ್ಲ. ಕ್ವಿಯೆನ್‌ಗೆ ಇಡೀ ದೇಶದ ಮುಂದೆ ತಲೆ ತಗ್ಗಿಸಬೇಕಾಯಿತು. ನಾನು ನಿವೃತ್ತಿಯ ದಿನ ಶಾಲು, ಹಾರ ಹಾಕಿಸಿಕೊಂಡು ಮನೆಗೆ ಬಂದೆ.

ಆದ್ದರಿಂದಲೇ, ಓದುಗರೇ, ಆ ಹುಡುಗನನ್ನು ದೂಷಿಸಲು ನನಗೆ ನಾಲಗೆ ಬಾರದು. ಕೆಡುಕು ನಮ್ಮ ಬಾಗಿಲಿಗೆ ಬರುವಾಗ 'ಕೆಟ್ಟದ್ದನ್ನು ಮಾಡು' ಎಂದು ಕೇಳುವುದು ಅಪರೂಪ. 'ಒಳ್ಳೆಯದನ್ನೇ ಮಾಡು, ತುಸು ಕಡಿಮೆ ಮಾಡು' ಎನ್ನುತ್ತದೆ. ಆಗ ನಮ್ಮ ಅಂತಃಸಾಕ್ಷಿಗೆ ಎಚ್ಚರವಾಗುವುದೇ ಇಲ್ಲ.

ಆತನ ಮುಂದಿನ ಬದುಕನ್ನೂ ಹೇಳಬೇಕು. 2008ರ ಡಿಸೆಂಬರ್ 28ರಂದು, ಅದೇ ಮೀ ದಿನ್ ಕ್ರೀಡಾಂಗಣದಲ್ಲಿ, ಅದೇ ಥಾಯ್ಲೆಂಡಿನ ವಿರುದ್ಧ, ಕೊನೆಯ ನಿಮಿಷಗಳಲ್ಲಿ ಲೆ ಕಾಂಗ್ ವಿನ್ ಎಂಬ ಆಟಗಾರ ತಲೆಯಿಂದ ಗೋಲು ಹೊಡೆದು ವಿಯೆಟ್ನಾಮಿಗೆ ಮೊತ್ತಮೊದಲ ಆಗ್ನೇಯ ಏಷ್ಯಾ ಕಪ್ಪನ್ನು ಗೆಲ್ಲಿಸಿದ. ಕ್ವಿಯೆನ್‌ಗಿಂತ ಒಂದು ವರ್ಷ ಕಿರಿಯನಾದ ಅವನೂ ನ್ಘೆ ಆನ್‌ನವನೇ, ಸಾಂಗ್ ಲಾಮ್ ಸಂಘದಲ್ಲಿ ಜೊತೆಗೆ ಆಡಿದವನೇ. ಆ ರಾತ್ರಿ ಕ್ವಿಯೆನ್‌ಗೆ ವಯಸ್ಸು ಇಪ್ಪತ್ತನಾಲ್ಕು. ಕಾಲಲ್ಲಿ ಕಸುವು ತುಂಬಿರಬೇಕಾದ ಆ ವರ್ಷಗಳು ಮೈದಾನದ ಹೊರಗೆ ಕಳೆದುಹೋಗಿದ್ದವು.

ಕ್ಷಮೆ ಅವನಿಗೆ ದೊರೆಯಿತು. ನಿಷೇಧ ತೆರವಾದ ಮೇಲೆ ಅವನು ಸಾಂಗ್ ಲಾಮ್‌ಗೆ ಮರಳಿ ಆಡಿದ. ಆದರೆ ಹಿಂದಿನ ಎತ್ತರ ಮರಳಲಿಲ್ಲ. ಅದೇ ಪ್ರಕರಣದಲ್ಲಿ ಸಿಲುಕಿದ್ದ ಹುವಿನ್ ಕ್ವಾಕ್ ಆನ್ ಎಂಬಾತ ಮಾತ್ರ ಮತ್ತೆ ಬೆವರು ಸುರಿಸಿ 2012ರ ಚಿನ್ನದ ಚೆಂಡನ್ನು ಗಳಿಸಿದ. ಎಲ್ಲರಿಗೂ ಹಾಗಾಗುವುದಿಲ್ಲ. ಕ್ಷಮೆ ಮನುಷ್ಯನನ್ನು ಹಿಂದಿರುಗಿಸುತ್ತದೆ, ಕಳೆದ ಕಾಲವನ್ನಲ್ಲ.

ಆಟ ನಿಲ್ಲಿಸಿದ ಮೇಲೆ ಕ್ವಿಯೆನ್ ತನ್ನನ್ನು ಬೆಳೆಸಿದ ಸಾಂಗ್ ಲಾಮ್‌ನ ಅಂಗಳದಲ್ಲೇ ಹುಡುಗರಿಗೆ ಆಟ ಕಲಿಸುವ ಕೆಲಸಕ್ಕೆ ನಿಂತ. ಇದು ನನಗೆ ಅವನ ಎಲ್ಲ ಗೋಲುಗಳಿಗಿಂತ ದೊಡ್ಡದೆನಿಸುತ್ತದೆ. ತನ್ನ ತಪ್ಪನ್ನು ಬಲ್ಲ ಊರಿನಲ್ಲೇ, ಅದನ್ನು ಬಲ್ಲ ತಂದೆತಾಯಂದಿರ ಮಕ್ಕಳ ಮುಂದೆ ದಿನವೂ ನಿಲ್ಲಲು ಸಾಮಾನ್ಯ ಧೈರ್ಯ ಸಾಲದು.

ನನಗೆ ಆ ಧೈರ್ಯ ಈವರೆಗೆ ಇರಲಿಲ್ಲ. ರಜೆ ಮುಗಿದು ಹೊರಡುವ ಮುನ್ನಾದಿನ ಮೊಮ್ಮಗನನ್ನು ಜಗಲಿಯಲ್ಲಿ ಕೂರಿಸಿಕೊಂಡು ಅಕ್ಕಿಯ ವಿಷಯವನ್ನೆಲ್ಲ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಮೂವರು ಮಕ್ಕಳಿಗೆ ಅವತ್ತು ಊಟ ಸಿಕ್ಕಿತೇ ಅಜ್ಜಾ?" ಎಂದು ಕೇಳಿದ.

ಸಿಕ್ಕಿತು, ಅರ್ಧ ತಟ್ಟೆ. ಹಾಗೆಂದೇ ಹೇಳಿದೆ. ತಮ್ಮ ಮನೆಯ ಜಗಲಿಯಲ್ಲೂ ಹೇಳದೆ ಉಳಿದ ಇಂಥ ಮಾತೇನಾದರೂ ಇದ್ದರೆ, ಮಕ್ಕಳು ದೊಡ್ಡವರಾಗಿ ಹೊರಡುವ ಮುಂಚೆ ಅವರಿಗೆ ಹೇಳಿಬಿಡಿ ಎಂಬುದಷ್ಟೇ ನನ್ನ ವಿನಂತಿ.